ಮಗು ತಾನಾಗಿ ನಡೆದು ಬರಬೇಕು

ರಂಗೋಲಿ ಪುಡಿಯಲ್ಲಿ ಎಳೆದ ಒಂದೇ ಒಂದು ನೇರ ಗೆರೆ. ಚುಕ್ಕಿಯಿಲ್ಲ, ಬಳ್ಳಿಯಿಲ್ಲ, ಹೂವಿಲ್ಲ. ಹೊಸ್ತಿಲಿನಿಂದ ಒಂದು ಮಂಚದ ಉದ್ದದಷ್ಟು ದೂರದಲ್ಲಿ, ಈ ಕಡೆಯ ಗೋಡೆಯಿಂದ ಆ ಕಡೆಯ ಮೋರಿ ಕಲ್ಲಿನವರೆಗೆ. ಹಾಕಿದ್ದು ಬೆಳಿಗ್ಗೆಯಲ್ಲ, ಆಗಷ್ಟೇ, ಸಂಜೆ. ಮಧ್ಯದಲ್ಲಿ ಯಾರದೋ ಚಪ್ಪಲಿ ತಾಗಿ ಅಳಿಸಿದ್ದ ಜಾಗವನ್ನು ಮತ್ತೆ ತಿದ್ದಿದ್ದರು.

ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಮನೆಯ ಮುಂದೆ ನಾನು ಆ ಗೆರೆಯನ್ನು ನೋಡಿದೆ. ನಮ್ಮ ಕಚೇರಿಯ ಭಾಷೆಯಲ್ಲಿ ಅದು ಶಿಶುಪಾಲನಾ ಕೇಂದ್ರ. ಗಲ್ಲಿಯವರ ಬಾಯಲ್ಲಿ ಬೇಬಿ ಸಿಟ್ಟಿಂಗ್. ಅಂಥ ಕೆಲವು ಕೇಂದ್ರಗಳನ್ನು ನಡೆಸುವ ಸಣ್ಣ ಟ್ರಸ್ಟೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಜ್ಞಾನಭಾರತಿಯಲ್ಲಿ ಸಮಾಜಕಾರ್ಯ ಓದಿ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕಚೇರಿ ರಾಜಾಜಿನಗರದಲ್ಲಿ, ಕೆಲಸ ಹೆಚ್ಚಾಗಿ ಕಂಪ್ಯೂಟರಿನ ಮುಂದೆ. ನನಗೆ ಅದು ಒಗ್ಗಿತ್ತು.

ನನ್ನನ್ನು ಅಲ್ಲಿಗೆ ಕಳಿಸಿದವರು ಟ್ರಸ್ಟಿನ ಕಾರ್ಯದರ್ಶಿ. ಪ್ರತಿ ವರ್ಷ ಮಹಿಳಾ ದಿನಾಚರಣೆಯಂದು ನಮ್ಮ ಕೇಂದ್ರಗಳ ಕಾರ್ಯಕರ್ತೆಯರಲ್ಲಿ ಒಬ್ಬರಿಗೆ ಸನ್ಮಾನ ಮಾಡುವುದು ವಾಡಿಕೆ. ಆ ವರ್ಷ ಸುಂಕದಕಟ್ಟೆಯ ಟೀಚರ್‌ಗೆ ಎಂದು ತೀರ್ಮಾನವಾಗಿತ್ತು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅವರ ಮೇಲೆ ದೂರು ಬಂತು. ಒಬ್ಬ ಅಪ್ಪ ತನ್ನ ಮಗಳನ್ನು ಕರೆದುಕೊಂಡು ಹೋಗಲು ಬಂದರೆ ಆಕೆ ಮಗುವನ್ನು ಕೊಡಲಿಲ್ಲ; ಜನ ಸೇರಿ ಅವನನ್ನು ಮಕ್ಕಳ ಕಳ್ಳನೆಂದು ಹಿಡಿದುಕೊಂಡರು; ಇದಕ್ಕೆಲ್ಲ ಆಕೆಯೇ ಕಾರಣ ಎಂದು.

"ನೋಡಮ್ಮ, ಶಾಲು ಹೊದಿಸೋಕೆ ಮುಂಚೆ ಒಂದ್ಸಲ ಸರಿಯಾಗಿ ನೋಡ್ಕೊಂಡ್ ಬಾ," ಎಂದರು ಕಾರ್ಯದರ್ಶಿ. "ದೂರು ನಿಜ ಅನ್ನೋದಾದ್ರೆ ಸನ್ಮಾನನೂ ಬೇಡ, ಆಕೆನೂ ಬೇಡ. ಬೇರೆ ಯಾರನ್ನಾದ್ರೂ ಹಾಕೋಣ. ನೀನು ನೋಡೋಳು, ಮಾತಾಡೋಳಲ್ಲ. ಅದಕ್ಕೇ ನಿನ್ನನ್ನ ಕಳಿಸ್ತಿರೋದು."

ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ತಿಳಿಯದೆ ನಾನು ಹೂಂ ಎಂದೆ.

ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಐವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ನಾನು ಗುರುತಿನ ಕಾರ್ಡು ತೋರಿಸಿದೆ.

"ಯಾರು ಕಳ್ಸಿದ್ದು?"

"ಟ್ರಸ್ಟಿಂದ ಟೀಚರ್. ರಾಜಾಜಿನಗರದ ಆಫೀಸು."

"ಟ್ರಸ್ಟಿಂದ ಅಂತ ಎಲ್ರೂ ಹೇಳ್ತಾರೆ. ಇದು ನಿಮ್ದೇ ಫೋಟೋನಾ? ಇದ್ರಲ್ಲಿ ಜಡೆ ಇದೆ."

"ಕಟ್ ಮಾಡಿಸ್ದೆ."

ಅವರು ನನ್ನೆದುರಿಗೇ ಕಚೇರಿಗೆ ಫೋನ್ ಮಾಡಿದರು. "ಸಾರ್, ಒಂದು ಹುಡುಗಿ ಬಂದಿದೆ. ಕನ್ನಡಕ. ಸಣ್ಣಕಿದೆ. ಕೇಳಿದ್ದಕ್ಕೆ ಮಾತ್ರ ಉತ್ರ ಹೇಳುತ್ತೆ. ನಿಮ್ಮ ಕಡೇದೇನಾ?" ಆ ಕಡೆಯಿಂದ ಹೌದೆಂದು ಬಂದ ಮೇಲೂ ಒಳಗೆ ಕರೆಯಲಿಲ್ಲ. ಎದುರುಮನೆಯ ಮೆಟ್ಟಿಲು ತೋರಿಸಿ, "ಅಲ್ಲಿ ಕೂತ್ಕೊಳ್ಳಿ. ಫಸ್ಟು ಮಕ್ಳು ನಿಮ್ಮನ್ನ ನೋಡ್ಲಿ," ಎಂದರು.

ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸಿತು. ಒಳಗೆ ಎಲ್ಲ ಸರಿಯಿದ್ದರೆ ಕಚೇರಿಯವರನ್ನು ಬೀದಿಯಲ್ಲಿ ಕೂರಿಸುವುದೇಕೆ? ಒಲೆಯ ಮೇಲಿನ ಅನ್ನ, ಮಕ್ಕಳ ಹಾಸಿಗೆ, ಬಚ್ಚಲು, ಎಲ್ಲವನ್ನೂ ನೋಡಬೇಕೆಂದು ಬಂದವಳು ಎದುರುಮನೆಯವರ ಪೊರಕೆಯ ಪಕ್ಕ ಕೂತೆ.

ಸಂಜೆ ಗಾರ್ಮೆಂಟ್ಸ್ ಬಿಟ್ಟ ಮೇಲೆ ಗಲ್ಲಿ ತುಂಬಿತು. ಟಿಫನ್ ಬಾಕ್ಸಿನ ಚೀಲ ಹಿಡಿದ ಹೆಂಗಸರು, ಕೆಲವು ಮನೆಗಳ ಅಜ್ಜಿಯರು, ಬೈಕಿನಲ್ಲಿ ಬಂದ ಒಂದಿಬ್ಬರು ಗಂಡಸರು. ಎಲ್ಲರೂ ಗೆರೆಯ ಈಚೆ ಸಾಲಾಗಿ ನಿಂತರು. ಟೀಚರ್ ಒಂದು ಮಗುವನ್ನು ಎತ್ತಿಕೊಂಡು ಹೊರಗೆ ಬರುವರು, ಹೊಸ್ತಿಲ ಹೊರಗೆ ಇಳಿಸಿ ಬಿಡುವರು, ತಾವು ಬಾಗಿಲಿಗೆ ಒರಗಿ ನಿಲ್ಲುವರು. ಕರೆಯಲು ಬಂದವರು ಬಾಯಿ ಬಿಡುವಂತಿಲ್ಲ, ಕೈ ಚಾಚುವಂತಿಲ್ಲ, ಬಿಸ್ಕತ್ತು ತೋರಿಸುವಂತಿಲ್ಲ. ಮಗು ನೋಡಿ, ಗುರುತು ಹಿಡಿದು, ತಾನಾಗಿ ಗೆರೆಯವರೆಗೆ ನಡೆದು ಹೋಗಬೇಕು. ಇನ್ನೂ ನಡೆಯದ ಕೂಸುಗಳು ಅಂಬೆಗಾಲಿಡುತ್ತಿದ್ದವು. ಹೋದರೆ ಮನೆಗೆ. ಹೋಗದಿದ್ದರೆ ಮತ್ತೆ ಒಳಗೆ, ಆಮೇಲೆ ಇನ್ನೊಂದು ಸಲ.

"ಏನ್ ಗುರು ಇದು, ಪಾಸ್‌ಪೋರ್ಟ್ ತರಬೇಕಿತ್ತಾ?" ಎಂದು ಬೈಕಿನ ಹುಡುಗನೊಬ್ಬ ಪಕ್ಕದವನಿಗೆ ಹೇಳಿದ. ಹೊಸದಾಗಿ ಸೇರಿದ ಮಗುವಿನ ಅಪ್ಪನಿರಬೇಕು.

"ಪಾಸ್‌ಪೋರ್ಟ್ ಇದ್ರೂ ವೀಸಾ ಕೊಡಲ್ಲ ಮಗಾ ಇವ್ರು," ಎಂದ ಇನ್ನೊಬ್ಬ.

ಹೆಂಗಸರು ನಕ್ಕರು. ಟೀಚರ್ ನಗಲಿಲ್ಲ. ಅವರ ಕಣ್ಣು ಮಗುವಿನ ಕಾಲುಗಳ ಮೇಲಿತ್ತು, ಮುಖದ ಮೇಲಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ಇದನ್ನು ಪ್ರೀತಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಹಗಲೆಲ್ಲ ಬೇರೆಯವರ ಮಕ್ಕಳ ಮೂಗು ಒರೆಸುವ ಹೆಂಗಸಿಗೆ ದಿನಕ್ಕೊಮ್ಮೆ ಒಂದು ಬೀದಿಯನ್ನು ಕೈಕಟ್ಟಿ ನಿಲ್ಲಿಸುವ ಆಸೆಯಿರಬಹುದು ಎಂದುಕೊಂಡೆ.

ದೂರು ಕೊಟ್ಟ ಅಪ್ಪನನ್ನು ಮರುದಿನ ದೀಪಾಂಜಲಿ ನಗರದ ಹತ್ತಿರ ಮೈಸೂರು ರಸ್ತೆಯ ಬದಿಯಲ್ಲಿ ಭೇಟಿಯಾದೆ. ಸರಕು ಸಾಗಿಸುವ ಟೆಂಪೊ ಓಡಿಸುವವನು. ಹೊಸೂರು, ಸೇಲಂ ಎಂದು ಹೋದರೆ ಬಹಳ ದಿನ ಮನೆಗೆ ಬರುವುದಿಲ್ಲ. ಟೆಂಪೊದ ಬಾಗಿಲು ತೆರೆದು ಚಕ್ರದ ಪಕ್ಕ ಕೂತು ಚಿತ್ರಾನ್ನ ತಿನ್ನುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

ಆ ದಿನ ಅವನ ಹೆಂಡತಿಗೆ ಓವರ್‌ಟೈಮ್. ಗಾರ್ಮೆಂಟ್ಸ್ ಒಳಗೆ ಫೋನ್ ಬಿಡುವುದಿಲ್ಲ, ಹಾಗಾಗಿ ಕೇಳಲು ಆಗಲಿಲ್ಲ. ಅವನೇ ಹೋದ. ಎರಡೂವರೆ ವರ್ಷದ ಮಗಳು ಅವನನ್ನು ನೋಡಿದಳು, ತಿರುಗಿ ಟೀಚರ್ ಸೀರೆಯೊಳಗೆ ಮುಖ ಮುಚ್ಚಿಕೊಂಡಳು.

"ಫೋನಲ್ಲಿ ಫೋಟೊ ತೋರಿಸ್ದೆ ಮೇಡಂ, ಅವಳ ನಾಮಕರಣದ್ದು. ಆಧಾರ್ ತೋರಿಸ್ದೆ. 'ಗೊತ್ತಪ್ಪ, ನೀನೇ ಅಪ್ಪ ಅಂತ ಗೊತ್ತು, ಆದ್ರೂ ಮಗು ಬರಲ್ಲ ಅಂತಿದೆ' ಅಂತಾರೆ. ನಾನು ಸ್ವಲ್ಪ ಜೋರಾಗಿ ಮಾತಾಡ್ದೆ. ಅಷ್ಟಕ್ಕೇ ಜನ ಸೇರಿದ್ರು. ಯಾವನೋ ಮಕ್ಳ ಕಳ್ಳ ಅಂದ. ಇನ್ಯಾವನೋ ಕಾಲರ್‌ಗೆ ಕೈ ಹಾಕ್ದ. ವಾಟ್ಸಾಪಲ್ಲಿ ಏನೇನ್ ಬರುತ್ತೆ ಅಂತ ನಿಮಗೂ ಗೊತ್ತಲ್ಲ. ಅವತ್ತು ಒಂದೇಟು ಬಿದ್ದಿದ್ರೆ ಮುಗೀತಿತ್ತು ನನ್ ಕತೆ."

"ಟೀಚರ್ ಆಗ ಏನ್ ಮಾಡಿದ್ರು?"

ಅವನು ಚಿತ್ರಾನ್ನದ ಪೊಟ್ಟಣ ಮಡಚಿದ. "ಓಡಿ ಬಂದು ಬಿಡಿಸಿದ್ರು. ಅದು ನಿಜ. 'ಕಾಲರ್ ಬಿಡ್ರೋ, ಆ ಮಗೂಗೆ ಅಪ್ಪ ಅವ್ನು' ಅಂತ ಕೂಗಿದ್ರು. 'ಹಂಗಿದ್ರೆ ಮಗು ಕೊಡಿ' ಅಂದ ಒಬ್ಬ. 'ಅಪ್ಪ ಆದ್ರೆ ಕೊಟ್ಬಿಡ್ಬೇಕಾ?' ಅಂದ್ರು. ಕೇಳಿದ್ರಾ ಮೇಡಂ? ಅಪ್ಪ ಆದ್ರೆ ಕೊಟ್ಬಿಡ್ಬೇಕಾ ಅಂತೆ! ಅವಳಮ್ಮ ಬರೋ ತನ್ಕ ನಾನು ಮೋರಿ ಕಲ್ಲಿನ್ ಮೇಲೆ ಕೂತಿದ್ದೆ, ಕಳ್ಳನ ಥರ."

"ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ಕೂತ್ಕೊಳಿ, ಮಗೂಗೆ ರೂಢಿ ಆಗುತ್ತೆ ಅಂತ ಟೀಚರ್ ಅಂದ್ರಂತೆ?"

"ನನ್ ಮಗಳಿಗೆ ನಾನು ಇಂಟರ್‌ವ್ಯೂ ಕೊಡ್ಬೇಕಾ?" ಎಂದು ಅವನು ಕೈ ತೊಳೆದುಕೊಂಡ. ಆಮೇಲೆ ಧ್ವನಿ ತಗ್ಗಿಸಿ ಹೇಳಿದ: "ನಾನು ಗ್ರೀಸ್ ಬಟ್ಟೇಲಿ ಹೋಗಿದ್ದೆ ಮೇಡಂ. ಅದಕ್ಕೇ ಹಂಗೆ ಮಾಡಿದ್ದು. ಕಾರಲ್ಲಿ ಬಂದಿದ್ರೆ ಕೊಟ್ಟಿರೋರು. ಬರ್ಕೊಳ್ಳಿ ನೀವು."

ಅವನ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಸ್ವಂತ ಮಗು ಅಪ್ಪನನ್ನು ಕಂಡು ಮುಖ ಮುಚ್ಚಿಕೊಳ್ಳುವುದಕ್ಕೆ ಬರೀ ಮರೆವು ಕಾರಣವೋ, ಮತ್ತೇನಾದರೂ ಇದೆಯೋ ಎಂದು ಅವನ ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಆಕೆ ನಕ್ಕುಬಿಟ್ಟರು. "ಅಯ್ಯೋ, ಅವ್ರು ಇರೋದೇ ಅಪರೂಪ. ಬಂದ್ರೆ ಮಲಗ್ತಾರೆ. ಇವಳಿಗೆ ನಮ್ ಬೀದಿ ನಾಯಿ ಗೊತ್ತಿರೋಷ್ಟು ಅಪ್ಪ ಗೊತ್ತಿಲ್ಲ. ಹೊಡೆಯೋದು ಬಡಿಯೋದು ಏನಿಲ್ಲ ಮೇಡಂ, ಹಂಗೆಲ್ಲ ನೋಡ್ಬೇಡಿ ನನ್ನ." ನಾನು ಹಾಗೆ ನೋಡುತ್ತಿದ್ದೆ ಎಂಬುದು ಆಕೆ ಹೇಳಿದ ಮೇಲೆಯೇ ನನಗೆ ತಿಳಿಯಿತು.

ಹಾಗಾದರೆ ತಪ್ಪಿಲ್ಲದ ಒಬ್ಬ ಮನುಷ್ಯ ಏಟು ತಿನ್ನುವುದರಲ್ಲಿದ್ದ. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಆ ಗೆರೆ. ಇನ್ನಷ್ಟು ತಾಯಂದಿರನ್ನು ಕೇಳಿದೆ. ಕೆಲವರಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಒಬ್ಬರಿಗೆ ಮಾತ್ರ ಇನ್ನೂ ಸಿಟ್ಟಿತ್ತು. "ನನ್ ಮಗ ಒಂದಿನ ನನ್ ಹತ್ರನೇ ಬರ್ಲಿಲ್ಲ ಕಣ್ರೀ. ಒಳಗೆ ಯಾವ್ದೋ ಡಬ್ಬ ಬಡ್ಕೊಂಡು ಆಡ್ತಿದ್ದ, ಬಿಟ್ ಬರೋಕೆ ಇಷ್ಟ ಇಲ್ಲ. ಎಲ್ರ ಮುಂದೆ ಮಾನ ಹೋಯ್ತು. ಹೆತ್ತಿರೋದು ನಾನಾ, ಆ ಟೀಚರಾ?"

ಮೂರನೆಯ ಸಲ ಹೋದಾಗ ಟೀಚರ್ ನನ್ನನ್ನು ಒಳಗೆ ಬಿಟ್ಟರು. ನೋಡಬೇಕಾದದ್ದನ್ನೆಲ್ಲ ನೋಡಿದೆ. ಅನ್ನ ಬೆಂದಿತ್ತು, ಚಾಪೆ ಒಣಗಿತ್ತು, ಬಚ್ಚಲು ನಮ್ಮ ಕಚೇರಿಯ ಬಚ್ಚಲಿಗಿಂತ ಚೊಕ್ಕಟವಾಗಿತ್ತು. ಮಕ್ಕಳು ಅವರ ಮೇಲೆ ಬಿದ್ದು ಒದ್ದಾಡುತ್ತಿರಲಿಲ್ಲ. ಅವರವರ ಪಾಡಿಗೆ ಆಡುತ್ತಿದ್ದರು, ಬೇಕೆನಿಸಿದಾಗ ಬಂದು ತೊಡೆಗೆ ಒರಗಿ ಹೋಗುತ್ತಿದ್ದರು. ಟೀಚರ್ ತಾವಾಗಿ ಯಾವ ಮಗುವನ್ನೂ ಎಳೆದು ಮುದ್ದು ಮಾಡಿದ್ದನ್ನು ನಾನು ಕಾಣಲಿಲ್ಲ.

"ಈ ಪದ್ಧತಿ ಯಾಕೆ ಶುರು ಮಾಡಿದ್ರಿ ಟೀಚರ್? ಮುಂಚೆ ಏನಾದ್ರೂ ಆಗಿತ್ತಾ?"

"ಏನಾಗ್ಬೇಕು?"

"ಯಾರೋ ಬೇರೆಯವ್ರು ಕರ್ಕೊಂಡು ಹೋಗಿದ್ದು... ಹಾಗೇನಾದ್ರೂ."

ಅವರು ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಿದ್ದರು. ಕೈ ನಿಲ್ಲಲಿಲ್ಲ. "ಏನೂ ಆಗಿಲ್ಲ. ಆಗಿದ್ರೂ ನಿಮಗ್ಯಾಕೆ ಹೇಳ್ಲಿ? ನೀವು ಬರ್ಕೊಂಡು ಹೋಗಿ ಮೈಕಲ್ಲಿ ಓದ್ತೀರ."

"ಆ ಅಪ್ಪಂಗೆ ಅವತ್ತು ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

ಆಗ ಕೈ ನಿಂತಿತು. "ಅದು ತಪ್ಪಾಯ್ತು. ಅವನ್ನ ಒಳಗೆ ಕರ್ದು ಕೂರಿಸ್ಬೇಕಿತ್ತು, ಬೀದೀಲಿ ಬಿಡಬಾರ್ದಿತ್ತು. ಕಾಲು ಹಿಡೀಬೇಕಾದ್ರೂ ಹಿಡೀತೀನಿ ಅವನ್ದು. ಆದ್ರೆ ನಾಳೆ ಬಂದ್ರೂ ಮಗೂನ ಮಾತ್ರ ಹಂಗೇ ಬಿಡ್ತೀನಿ ಕೆಳಗೆ."

"ಮಗೂಗೆ ಏನ್ ಗೊತ್ತಾಗುತ್ತೆ ಟೀಚರ್? ಡಬ್ಬ ಬಡೀತಾ ಇದ್ರೆ ಅಮ್ಮನೂ ಬೇಡ ಅನ್ನುತ್ತೆ."

"ಹೂಂ, ಅನ್ನುತ್ತೆ. ಅವಾಗ ಅಮ್ಮ ಕಾಯ್ಬೇಕು." ಅವರು ಗ್ಯಾಸ್ಕೆಟ್ ಕೊಡವಿ ಕಿಟಕಿಗೆ ನೇತುಹಾಕಿದರು. "ನಿಮಗೆ ಮದ್ವೆ ಆಗಿದ್ಯಾ?"

"ಇಲ್ಲ."

"ಹ್ಞೂಂ," ಎಂದರು. ಆ ಹ್ಞೂಂನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಆ ದಿನ ಬಸ್ಸಿನಲ್ಲಿ ಬಸವೇಶ್ವರನಗರಕ್ಕೆ ವಾಪಸು ಬರುವಾಗ ನಮ್ಮ ಮನೆಯ ಹಾಲ್ ನೆನಪಾಗುತ್ತಿತ್ತು. ಹಬ್ಬಕ್ಕೋ ಆರತಿಗೋ ನೆಂಟರು ಸೇರಿದಾಗ ಚಿಕ್ಕವಳಾದ ನನ್ನನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುತ್ತಿದ್ದರು. "ಹೋಗು ಪುಟ್ಟಿ, ಮುತ್ತು ಕೊಡು, ಬೇಜಾರ್ ಮಾಡ್ಕೋತಾರೆ" ಎನ್ನುತ್ತಿದ್ದರು. ಒಬ್ಬರ ತೊಡೆಗೆ ಹೋಗುವುದು ತಪ್ಪಿಸಿಕೊಳ್ಳಲು ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚುವುದನ್ನು ಕಲಿತಿದ್ದೆ. ಮುಚ್ಚಿದರೂ ಎತ್ತಿ ಕೊಡುತ್ತಿದ್ದರು. ಮನೆಯವರಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಅನುಮಾನ ಕಡಿಮೆಯಿತ್ತು. ಇದರ ಬಗ್ಗೆ ಇಲ್ಲಿ ಇಷ್ಟು ಸಾಕು.

ಕಾರ್ಯದರ್ಶಿಯವರಿಗೆ ನಾನು ಹೇಳಿದ್ದು ಚಿಕ್ಕದು. ಅಪ್ಪನ ದೂರು ನಿಜ, ಅವನಿಗೆ ಟೀಚರ್ ಕ್ಷಮೆ ಕೇಳಲಿ, ಕಾಯುವವರಿಗೆ ಒಳಗೆ ಒಂದು ಬೆಂಚು ಹಾಕಿಸೋಣ. ಆದರೆ ಮಗುವನ್ನು ಕೊಡುವ ಪದ್ಧತಿ ಇರಲಿ, ಸನ್ಮಾನವೂ ಇರಲಿ. ಅವರು ಅರೆಮನಸ್ಸಿನಿಂದ ಒಪ್ಪಿದರು. ಪತ್ರಿಕೆ ಅಚ್ಚಿಗೆ ಹೋಗುವ ಆತುರವೂ ಇತ್ತು.

ಸನ್ಮಾನ ಪತ್ರ ಬರೆಯುವ ಕೆಲಸ ನನಗೇ ಬಂತು. 'ಮಗುವನ್ನು ಕೇಳದೆ ಮಗುವನ್ನು ಇವರು ಯಾರ ಕೈಗೂ ಕೊಡುವುದಿಲ್ಲ' ಎಂದು ಬರೆದೆ. ಫ್ರೇಮು ಹಾಕಿಸಿಕೊಂಡು ಬಂದಾಗ ಅದರಲ್ಲಿ 'ಮಮತೆಯ ಮಡಿಲು, ತ್ಯಾಗದ ಪ್ರತಿರೂಪ, ನಗುಮೊಗದ ಸೇವಾಜೀವಿ' ಎಂದಿತ್ತು. ಟೀಚರ್ ನಕ್ಕಿದ್ದನ್ನು ನಾನಂತೂ ನೋಡಿರಲಿಲ್ಲ.

"ನೀನು ಬರ್ದಿದ್ದು ಪೊಲೀಸ್ನೋರು ಬರ್ದಂಗಿತ್ತಮ್ಮ," ಎಂದರು ಕಾರ್ಯದರ್ಶಿ. "ಸನ್ಮಾನದಲ್ಲಿ ಕೊಡುವುದಿಲ್ಲ ಅನ್ನೋ ಪದ ಯಾರಾದ್ರೂ ಹಾಕ್ತಾರಾ?"

ಸಮಾರಂಭ ವಿಜಯನಗರದ ಒಂದು ಸಭಾಂಗಣದಲ್ಲಿ ನಡೆಯಿತು. ಮುಖ್ಯ ಅತಿಥಿ ಆ ಕೇಂದ್ರದ ಮನೆಯ ಮಾಲೀಕರು. ಸುಂಕದಕಟ್ಟೆ ಊರಾಗಿದ್ದ ಕಾಲದಿಂದ ಅಲ್ಲಿ ಜಮೀನಿದ್ದ ಮನೆತನ; ಬಾಡಿಗೆ ಕೇಳದೆ ಮನೆ ಬಿಟ್ಟುಕೊಟ್ಟಿದ್ದರು. ಅವರು ಮುನಿಸಿಕೊಂಡರೆ ಕೇಂದ್ರಕ್ಕೆ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಿಳಿ ಅಂಗಿ, ಬಿಳಿ ಪಂಚೆ, ಎಲ್ಲರಿಗೂ ಕೈಮುಗಿಯುತ್ತ ಬಂದರು. ಕೆಟ್ಟವರಂತೆ ಕಾಣಲಿಲ್ಲ. ಕಾಣುವುದರಿಂದ ಏನೂ ತಿಳಿಯುವುದಿಲ್ಲ ಎಂಬುದು ನನಗೆ ಹಳೆಯ ಪಾಠ.

ಟೀಚರ್‌ಗೆ ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫ್ರೇಮು ಕೊಟ್ಟರು. ನಿರೂಪಕಿ ಪತ್ರವನ್ನು ಓದುವಾಗ ಟೀಚರ್ ಯಾರದೋ ವಿಷಯ ಕೇಳುವವರ ಹಾಗೆ ನಿಂತಿದ್ದರು. ಅವರ ಮಗ್ಗುಲಿಗೆ, ಸೆರಗು ಹಿಡಿದು, ಟೆಂಪೊ ಓಡಿಸುವವನ ಮಗಳು ನಿಂತಿದ್ದಳು. ಕೇಂದ್ರದ ಮಕ್ಕಳು ಪ್ರಾರ್ಥನೆ ಹಾಡಿ ಇಳಿದುಹೋಗಿದ್ದರು, ಅವಳೊಬ್ಬಳು ಇಳಿದಿರಲಿಲ್ಲ. ಅವಳ ಅಪ್ಪ, ಅಮ್ಮ ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದರು. ಟೀಚರ್ ಅವರ ಮನೆಗೇ ಹೋಗಿ ಕ್ಷಮೆ ಕೇಳಿದ್ದರು. ಅವನು ಆಯ್ತು ಬಿಡಿ ಎಂದಿದ್ದನಂತೆ; ದೂರನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

"ಆ ಪುಟ್ಟೀನ ಕೊಡೀಮ್ಮ ಇಲ್ಲಿ," ಎಂದರು ಮುಖ್ಯ ಅತಿಥಿ, ಕುರ್ಚಿಯಲ್ಲಿ ಕೂತು ತೊಡೆ ತಟ್ಟುತ್ತ. "ಒಂದು ಫೋಟೊ ಆಗ್ಲಿ. ಚೆನ್ನಾಗಿರುತ್ತೆ."

ಫೋಟೊಗ್ರಾಫರ್ ಮುಂದೆ ಬಂದ. ಕಾರ್ಯದರ್ಶಿ ಕಣ್ಣಲ್ಲೇ ಟೀಚರ್‌ಗೆ ಸನ್ನೆ ಮಾಡಿದರು. ಟೀಚರ್ ಬುಟ್ಟಿಯನ್ನೂ ಫ್ರೇಮನ್ನೂ ಮೇಜಿನ ಮೇಲಿಟ್ಟರು. ಮಗುವಿನ ಬೆರಳುಗಳಿಂದ ಸೆರಗು ಬಿಡಿಸಿಕೊಂಡು, ತಾವು ಪಕ್ಕಕ್ಕೆ ಸರಿದು ನಿಂತರು. ಅವರು ಮಾಡುತ್ತಿದ್ದುದೇನೆಂದು ಆ ವೇದಿಕೆಯ ಮೇಲಿದ್ದ ಯಾರಿಗೂ ಹೊಳೆಯಲಿಲ್ಲ.

ಮಗು ಮುಖ್ಯ ಅತಿಥಿಯನ್ನು ನೋಡಿತು. ಕ್ಯಾಮರಾ ನೋಡಿತು. ಎರಡು ಹೆಜ್ಜೆ ಹಿಂದೆ ಹೋಗಿ ಮೇಜಿನ ಬಟ್ಟೆಯೊಳಗೆ ನುಸುಳಿತು.

ಸಭೆ ನಕ್ಕಿತು. "ನಮ್ಮ ಪುಟಾಣಿಗೆ ನಾಚಿಕೆ!" ಎಂದಳು ನಿರೂಪಕಿ ಮೈಕಿನಲ್ಲಿ. ಮುಖ್ಯ ಅತಿಥಿಯೂ ನಕ್ಕರು. ಕಾರ್ಯದರ್ಶಿ ಬಗ್ಗಿ, ಮೇಜಿನ ಕೆಳಗಿನಿಂದ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ತಂದು ಅತಿಥಿಯ ತೊಡೆಯ ಮೇಲೆ ಕೂರಿಸಿದರು. ಮಗು ಅಳಲಿಲ್ಲ. ಕಾಲುಗಳನ್ನು ಸೆಟೆಸಿಕೊಂಡು ಕಣ್ಣು ಮುಚ್ಚಿತು.

ಟೀಚರ್ ನಡೆದು ಹೋಗಿ ಮಗುವನ್ನು ತೊಡೆಯಿಂದ ವಾಪಸು ಎತ್ತಿಕೊಂಡರು. ಮೈಕು ಹತ್ತಿರವೇ ಇತ್ತು. "ಬರಲ್ಲ ಅಂತು ತಾನೆ ಸಾರ್ ಮಗು?" ಎಂದಿದ್ದು ಸಭಾಂಗಣಕ್ಕೆಲ್ಲ ಕೇಳಿಸಿತು.

ಈ ಸಲ ಯಾರೂ ನಗಲಿಲ್ಲ. ಮುಖ್ಯ ಅತಿಥಿ ಪಂಚೆಯ ಅಂಚು ಸರಿಪಡಿಸಿಕೊಂಡರು. ಟೀಚರ್ ಹೆಗಲಿನ ಶಾಲು ಜಾರಿ ಕುರ್ಚಿಯ ಕೈಗೆ ಸಿಕ್ಕಿಕೊಂಡಿತ್ತು. ಅವರು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಶಾಲನ್ನು ಬಿಡಿಸಿಕೊಳ್ಳಲು ತಿರುಗಲಿಲ್ಲ.

ನನ್ನ ಪಕ್ಕದಲ್ಲಿ ಒಂದು ವಿಚಿತ್ರ ಸದ್ದಾಯಿತು. ಟೆಂಪೊದವನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದ.

"ಥೂ, ಸುಮ್ನಿರಿ," ಎಂದು ಹೆಂಡತಿ ತಿವಿದರು.

"ಅಲ್ಲ ಕಣೇ, ಕಾರಿನೋರಿಗೂ ಕೊಡ್ಲಿಲ್ಲ ನೋಡೇ!" ಎಂದ. ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು; ನಗುವಿನದೇ ಇರಬಹುದು. "ಮೇಡಂ, ಹಂಗಾದ್ರೆ ನಂಗೊಬ್ಬನ್ಗೇ ಮಾಡಿದ್ದಲ್ಲ ಅದು. ನನ್ ಕಂಪ್ಲೇಂಟು ಬೇಡ. ವಾಪಸ್ ತಗೊಂಡೆ ಅಂತ ಹೇಳ್ಬಿಡಿ ನಿಮ್ ಸಾರ್‌ಗೆ."

"ನೀವೇ ಹೇಳ್ತೀರಾ, ಅವ್ರು ಕೇಳಿದ್ರೆ?"

"ಫೋನ್ ಮಾಡ್ಸಿ. ಸೇಲಂನಲ್ಲಿದ್ರೂ ಹೇಳ್ತೀನಿ."

ಊಟದ ಹೊತ್ತಿಗೆ ಕಾರ್ಯದರ್ಶಿ ನನ್ನನ್ನು ಕೈತೊಳೆಯುವ ಜಾಗದ ಬಳಿಗೆ ಕರೆದರು. ಅವರ ಕಿವಿ ಕೆಂಪಾಗಿತ್ತು.

"ಮಾನ ತೆಗೆದ್ಬಿಟ್ಲು. ನಾಳೆ ಬೆಳಿಗ್ಗೆ ನೀನು ಸುಂಕದಕಟ್ಟೆಗೆ ಹೋಗಿ ಬೀಗದ ಕೈ ಇಸ್ಕೊಂಡ್ ಬಾ. ಇನ್ಮೇಲೆ ಬರೋದ್ ಬೇಡ ಅನ್ನು."

"ಕಾರಣ ಏನು ಅಂತ ಹೇಳ್ಲಿ ಸಾರ್?"

"ಆ ಡ್ರೈವರ್ ದೂರಿಲ್ವಾ? ಅದೇ ಸಾಕು."

ಸುತ್ತ ಜನರಿದ್ದರು, ಅವರ ಕೈಯಲ್ಲಿ ಸಾರಿನ ಲೋಟವಿತ್ತು, ನನಗೆ ಜನರ ನಡುವೆ ಮಾತು ಬೇಗ ಬರುವುದಿಲ್ಲ. ಮನೆಗೆ ಬಂದ ಮೇಲೂ ನಾನು ಟೀಚರ್ ಒಳ್ಳೆಯವರು ಎಂದು ನಿರ್ಧರಿಸಲಿಲ್ಲ. ಅವರು ಆ ಪದ್ಧತಿಯನ್ನು ಎಲ್ಲಿಂದ ತಂದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ಹಿಂದೆ ನನಗೆ ಹೇಳದ ಸಂಗತಿಯೊಂದು ಇದ್ದೇ ಇದೆ ಎಂಬ ಅನುಮಾನ ಹೋಗಿಲ್ಲ. ಅವರು ಬೀದಿಯನ್ನು ನಿಲ್ಲಿಸಿ ಸುಖಪಡುತ್ತಿದ್ದರೂ ಇರಬಹುದು. ಆದರೆ ಅವರ ಜಾಗಕ್ಕೆ ಬರುವ ನಗುಮೊಗದ ಇನ್ನೊಬ್ಬರು ಆ ಮಕ್ಕಳನ್ನು ಸಂಜೆ ಹೇಗೆ ಕೊಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎತ್ತಿ, ಕೈಗೆ.

ಮರುದಿನ ಬೆಳಿಗ್ಗೆ ನಾನು ಸುಂಕದಕಟ್ಟೆಗೆ ಹೋಗಲಿಲ್ಲ. ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಕಾರ್ಯದರ್ಶಿಯವರು ಬರುವವರೆಗೆ ಕಾದೆ. ಅವರು ಕೂತ ಮೇಲೆ, ಡ್ರೈವರ್ ದೂರು ವಾಪಸು ಪಡೆದಿದ್ದಾನೆ, ಬೇಕಾದರೆ ಈಗಲೇ ಮಾತಾಡಬಹುದು ಎಂದು ಅವನಿಗೆ ಫೋನ್ ಹಚ್ಚಿ ಕೊಟ್ಟೆ. ಅವರು ಕೇಳಿಸಿಕೊಂಡರು, ಹೂಂ ಹೂಂ ಎಂದರು, ಇಟ್ಟರು.

"ಆ ಕಾರಣ ಹೋಯ್ತು ಸಾರ್," ಎಂದೆ. "ಬೇರೆ ಯಾವ ಕಾರಣಕ್ಕೆ ತೆಗೀತಿದ್ದೀವಿ ಅಂತ ನೀವು ಒಂದು ಸಾಲು ಬರ್ದು ಕೊಟ್ರೆ ಹೋಗಿ ಬೀಗದ ಕೈ ತರ್ತೀನಿ."

ಅವರು ಪೆನ್ನು ತೆಗೆದರು. ಫ್ಯಾನು ತಿರುಗುತ್ತಿತ್ತು. ಮಗುವಿಗೆ ಇಷ್ಟವಿಲ್ಲವೆಂದು ಅದನ್ನು ಅತಿಥಿಗೆ ಕೊಡಲಿಲ್ಲ ಎಂದು ಬರೆಯಬೇಕು, ಇಲ್ಲವೇ ಸುಳ್ಳು ಬರೆಯಬೇಕು. ನಾನು ಕೂರಲಿಲ್ಲ, ಸಹಾಯಕ್ಕೂ ಹೋಗಲಿಲ್ಲ.

"ಮನೆ ಓನರ್ ಏನಾದ್ರೂ ಅಂದ್ರೆ?" ಎಂದರು ಕೊನೆಗೆ.

"ಅಂದಿದಾರಾ ಸಾರ್?"

"ಇನ್ನೂ ಇಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ಇರ್ಲಿ ಬಿಡು ಸದ್ಯಕ್ಕೆ. ಆದ್ರೆ ಮುಂದಿನ ವರ್ಷದಿಂದ ಸನ್ಮಾನ ಗಿನ್ಮಾನ ಏನೂ ಬೇಡ ಆಕೆಗೆ."

"ಸರಿ ಸಾರ್," ಎಂದು ನನ್ನ ಕುರ್ಚಿಗೆ ಬಂದು ಟೀಚರ್‌ಗೆ ಫೋನ್ ಮಾಡಿದೆ. ಆ ಕಡೆ ಯಾವುದೋ ಮಗು ಜೋರಾಗಿ ಕೆಮ್ಮುತ್ತಿತ್ತು.

"ಟೀಚರ್, ಬಾಗಿಲು ತೆಗೆದ್ರಾ ಇವತ್ತು?"

"ಯಾಕೆ? ತೆಗೀಬಾರ್ದಿತ್ತಾ?"

"ಹಾಗಲ್ಲ. ತೆಗೀರಿ. ಎಂದಿನ ಹಾಗೆ ಇರ್ಲಿ. ಅಷ್ಟು ಹೇಳೋಣ ಅಂತ ಮಾಡ್ದೆ."

"ಅಷ್ಟಕ್ಕೇ ಯಾರು ಫೋನ್ ಮಾಡ್ತಾರೆ?" ಎಂದರು. "ನಿಜ ಹೇಳಿ, ಯಾರು ಮಾಡ್ಸಿದ್ದು?"

ಯಾರೂ ಮಾಡಿಸಿಲ್ಲ ಎಂದೆ. ಅವರು ನಂಬಲಿಲ್ಲ. ನಾನು ಫೋನಿಟ್ಟು ಕಂಪ್ಯೂಟರ್ ಆನ್ ಮಾಡಿದೆ.